ಹಲ್ಲಿಗೆ ಕ್ಲಿಪ್ಪು: ಮೊದಲು ವಸಡು, ಆಮೇಲೆ ತಂತಿ

ಬೇಸಿಗೆ ರಜೆ ಬಂತೆಂದರೆ ಮಕ್ಕಳ ಕೆಮ್ಮು, ನೆಗಡಿ, ಬೆವರುಸಾಲೆಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ನಮ್ಮಂಥ ಸಾಮಾನ್ಯ ವೈದ್ಯರ ಬಳಿಗೆ ಬರುತ್ತದೆ. "ಡಾಕ್ಟ್ರೇ, ಮಗಳ ಹಲ್ಲು ಸ್ವಲ್ಪ ಉಬ್ಬು. ಕ್ಲಿಪ್ ಹಾಕಿಸಬೇಕಾ? ಹಾಕಿಸಿದರೆ ಹಲ್ಲೆಲ್ಲ ಹಾಳಾಗುತ್ತೆ ಅಂತಾರಲ್ಲ, ನಿಜವಾ?" ಕೇಳುವವರು ತಾಯಿಯಾದರೆ ಚಿಂತೆ ಹಲ್ಲಿನದು, ಅಜ್ಜಿಯಾದರೆ ಮೊಮ್ಮಗಳ ಮದುವೆಯದು, ತಂದೆಯಾದರೆ ಖರ್ಚಿನದು. ಮೂವರ ಚಿಂತೆಯೂ ನ್ಯಾಯವಾದದ್ದೇ.

ಸೊಟ್ಟ ಹಲ್ಲನ್ನು ಸಾಲಿಗೆ ತರುವುದು ದಂತವೈದ್ಯರ, ಅದರಲ್ಲೂ ಆ ವಿಷಯದಲ್ಲೇ ಎಂ.ಡಿ.ಎಸ್. ಮಾಡಿದ ಆರ್ಥೊಡಾಂಟಿಸ್ಟರ ಕೆಲಸ. ಆದರೆ ಅವರ ಬಳಿ ಯಾವಾಗ ಹೋಗಬೇಕು, ಹೋಗುವ ಮೊದಲು ಬಾಯಿ ಹೇಗಿರಬೇಕು, ತಂತಿ ಹಾಕಿಸಿಕೊಂಡ ಮೇಲೆ ಮನೆಯಲ್ಲಿ ಏನು ನಡೆಯಬೇಕು ಎಂಬುದನ್ನು ಮನೆಯ ವೈದ್ಯರೂ ಹೇಳಬಹುದು. ಇವುಗಳಲ್ಲಿ ಕೊನೆಯದೇ ಮುಖ್ಯ. ಏಕೆಂದರೆ ಕ್ಲಿಪ್ಪಿನಿಂದ ಬಾಯಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬುದು ದಂತವೈದ್ಯರ ಕುರ್ಚಿಯಲ್ಲಿ ತೀರ್ಮಾನವಾಗುವುದಕ್ಕಿಂತ ಹೆಚ್ಚಾಗಿ ಬಚ್ಚಲುಮನೆಯ ಕನ್ನಡಿಯ ಮುಂದೆ ತೀರ್ಮಾನವಾಗುತ್ತದೆ.

ಹಾಲುಹಲ್ಲು ಹಿಡಿದಿಟ್ಟ ಜಾಗ

ಹಲ್ಲು ಸೊಟ್ಟಗೆ ಬರಲು ಕಾರಣ ಒಂದೇ ಅಲ್ಲ. ದವಡೆಯ ಗಾತ್ರ, ಹಲ್ಲಿನ ಗಾತ್ರ, ಮೇಲಿನ ಮತ್ತು ಕೆಳಗಿನ ದವಡೆಗಳ ಹೊಂದಿಕೆ ಇವೆಲ್ಲ ಬಹುಮಟ್ಟಿಗೆ ವಂಶದಿಂದ ಬಂದವು. ಮುಖದ ಚಹರೆ ಬಂದ ಹಾಗೆ ಇವೂ ಬರುತ್ತವೆ, ಯಾರನ್ನೂ ದೂರುವಂತಿಲ್ಲ. ಆದರೆ ನಾವು ಕೈಯಾರೆ ಮಾಡಿಕೊಳ್ಳುವ ಕಾರಣವೊಂದಿದೆ. ಅದು ಹಾಲುಹಲ್ಲಿನ ಅಲಕ್ಷ್ಯ.

"ಹೇಗೂ ಬೀಳೋ ಹಲ್ಲು ತಾನೆ" ಎಂದು ಹುಳುಕಾದ ಹಾಲುಹಲ್ಲನ್ನು ಹಾಗೆಯೇ ಬಿಡುತ್ತೇವೆ. ಮಗು ರಾತ್ರಿಯೆಲ್ಲ ಅತ್ತಾಗ ಕೀಳಿಸುತ್ತೇವೆ. ಹಾಲುಹಲ್ಲುಗಳು ಒಟ್ಟು 20. ಅವುಗಳಲ್ಲಿ ಹಿಂದಿನ ದವಡೆಹಲ್ಲುಗಳು ಬೀಳಬೇಕಾದದ್ದು 10ರಿಂದ 12ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವು ಅಗಿಯುವುದಷ್ಟೇ ಅಲ್ಲ, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗವನ್ನೂ ಹಿಡಿದಿರುತ್ತವೆ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. 6-7ನೇ ವಯಸ್ಸಿಗೇ ಆ ಟವೆಲ್ ತೆಗೆದರೆ ಹಿಂದಿನ ಹಲ್ಲು ಮುಂದಕ್ಕೆ ಸರಿದು ಕೂರುತ್ತದೆ. ತಡವಾಗಿ ಬಂದ ಹಲ್ಲು ಕೂರಲು ಜಾಗವಿಲ್ಲದೆ ಕೆನ್ನೆಯ ಕಡೆಗೋ ನಾಲಿಗೆಯ ಕಡೆಗೋ ಹೊರಡುತ್ತದೆ. ಹುಳುಕು ಹಾಲುಹಲ್ಲಿಗೆ ಸಿಮೆಂಟು ತುಂಬಿಸುವುದು ಅದಕ್ಕೇ ಮುಖ್ಯ. ಕೀಳಲೇಬೇಕಾಗಿ ಬಂದರೆ ಆ ಜಾಗ ಕಾಯಲು ಸ್ಪೇಸ್ ಮೇಂಟೇನರ್ ಎಂಬ ಪುಟ್ಟ ತಂತಿಯ ಬಳೆ ಬೇಕಾಗುತ್ತದೆಯೇ ಎಂದು ಕೇಳಿ. ಮುಂದೆ ಬರಬಹುದಾದ ದೊಡ್ಡ ಖರ್ಚನ್ನು ಈ ಸಣ್ಣ ಖರ್ಚು ಎಷ್ಟೋ ಸಲ ತಪ್ಪಿಸುತ್ತದೆ.

ಇನ್ನೊಂದು ಹಲ್ಲಿನ ವಿಷಯದಲ್ಲಿ ಬಹಳಷ್ಟು ತಂದೆತಾಯಂದಿರು ಮೋಸಹೋಗುತ್ತಾರೆ. ಸುಮಾರು 6ನೇ ವಯಸ್ಸಿಗೆ, ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಕೊನೆಯಲ್ಲಿ ಸದ್ದಿಲ್ಲದೆ ಒಂದು ದೊಡ್ಡ ದವಡೆಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲು, ಇಡೀ ಹಲ್ಲಿನ ಸಾಲಿಗೆ ಗೂಟವಿದ್ದ ಹಾಗೆ. ಹಾಲುಹಲ್ಲೆಂದೇ ತಿಳಿದು ಅದನ್ನು ಹುಳುಕಾಗಲು ಬಿಟ್ಟವರು ಎಷ್ಟೋ ಮಂದಿ.

ಬೆರಳು ಚೀಪುವ ಅಭ್ಯಾಸ 3-4 ವರ್ಷದವರೆಗೆ ಇದ್ದರೆ ಗಾಬರಿ ಬೇಡ. ಶಾಶ್ವತ ಮುಂಬಲ್ಲು ಬರುವ ಹೊತ್ತಿಗೂ ನಿಲ್ಲದಿದ್ದರೆ ಮೇಲಿನ ಹಲ್ಲು ಮುಂದಕ್ಕೆ ಚಾಚಿಕೊಳ್ಳುತ್ತದೆ, ಬಾಯಿ ಮುಚ್ಚಿದರೂ ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ ಸಂದು ಉಳಿಯುತ್ತದೆ. ಇದನ್ನು ಬಿಡಿಸಲು ಬೆರಳಿಗೆ ಮೆಣಸಿನಪುಡಿ ಹಚ್ಚುವ ಮದ್ದು ಬೇಡ. ಅದೇ ಬೆರಳಿನಿಂದ ಮಗು ಕಣ್ಣುಜ್ಜಿಕೊಂಡು ಓಡಿ ಬಂದದ್ದನ್ನು ನೋಡಿದ್ದೇನೆ. ಸದಾ ಬಾಯಿ ತೆರೆದು ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ ಮಗುವನ್ನು ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಮೂಗಿನ ಹಿಂದೆ ಅಡಿನಾಯ್ಡ್ ಬೆಳೆದಿರಬಹುದು. ಅಂಥ ಮಕ್ಕಳ ಮುಂದಿನ ವಸಡು ಗಾಳಿಗೆ ಒಣಗಿ ಕೆಂಪಾಗಿ ಊದಿರುತ್ತದೆ. ಮೂಗು ಸರಿಯಾಗದೆ ತಂತಿಯೊಂದರಿಂದಲೇ ಎಲ್ಲವೂ ಸರಿಹೋಗುವುದಿಲ್ಲ.

ಸೊಟ್ಟ ಹಲ್ಲೆಲ್ಲ ರೋಗವಲ್ಲ

"ಕ್ಲಿಪ್ ಹಾಕಿಸದಿದ್ದರೆ ಮುಂದೆ ಹಲ್ಲೆಲ್ಲ ಹುಳುಕಾಗಿ ಬಿದ್ದುಹೋಗುತ್ತೆ" ಎಂಬ ಮಾತು ಉತ್ಪ್ರೇಕ್ಷೆ. ಒಂದರ ಮೇಲೊಂದು ಹತ್ತಿದ ಹಲ್ಲುಗಳ ಸಂದಿಗೆ ಬ್ರಷ್ ಹೋಗುವುದು ಕಷ್ಟ, ಅಲ್ಲಿ ಪಾಚಿ ಕಟ್ಟುತ್ತದೆ, ವಸಡಿನಲ್ಲಿ ರಕ್ತ ಒಸರುತ್ತದೆ ಎಂಬುದು ನಿಜ. ಆದರೆ ಶ್ರದ್ಧೆಯಿಂದ ಹಲ್ಲುಜ್ಜುವವರಲ್ಲಿ ಸೊಟ್ಟ ಹಲ್ಲೂ ಎಪ್ಪತ್ತು ವರ್ಷ ಬಾಳಬಹುದು. ಹಲ್ಲುಜ್ಜದವರಲ್ಲಿ ಮುತ್ತು ಪೋಣಿಸಿದಂಥ ಸಾಲೂ ನಲವತ್ತಕ್ಕೆ ಅಲುಗಾಡಬಹುದು. ಸಾಲು ಸರಿಪಡಿಸಿದ ಮಾತ್ರಕ್ಕೆ ಹುಳುಕು, ವಸಡಿನ ರೋಗಗಳು ದೂರವಾಗುತ್ತವೆ ಎಂದು ಅಧ್ಯಯನಗಳು ಖಚಿತವಾಗಿ ತೋರಿಸಿಲ್ಲ. ಅಂದಕ್ಕಾಗಿ ಹಾಕಿಸುವುದಾದರೆ ಅಂದಕ್ಕಾಗಿ ಎಂದೇ ಹೇಳಿ ಹಾಕಿಸಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಶಾಲೆಯಲ್ಲಿ ಕೈ ಅಡ್ಡ ಇಟ್ಟುಕೊಂಡು ನಗುವ ಹುಡುಗಿಗೆ ಅದೂ ಒಂದು ಚಿಕಿತ್ಸೆಯೇ.

ಆದರೆ ಆರೋಗ್ಯದ ದೃಷ್ಟಿಯಿಂದಲೇ ತಡಮಾಡಬಾರದ ಕೆಲವು ಸಂದರ್ಭಗಳಿವೆ. ಮೇಲಿನ ಮುಂಬಲ್ಲು ಕೆಳಗಿನದಕ್ಕಿಂತ 3 ಮಿಲಿಮೀಟರಿಗಿಂತ ಹೆಚ್ಚು ಮುಂದೆ ಚಾಚಿದ್ದರೆ, ಬಿದ್ದಾಗ ಆ ಹಲ್ಲಿಗೆ ಪೆಟ್ಟಾಗುವ ಸಾಧ್ಯತೆ ಸುಮಾರು ಎರಡು ಪಟ್ಟು. ಸೈಕಲ್ಲಿನಿಂದ ಬಿದ್ದು ಮುಂಬಲ್ಲು ಮುರಿದುಕೊಂಡು ಬರುವ ಮಕ್ಕಳಲ್ಲಿ ಉಬ್ಬುಹಲ್ಲಿನವರೇ ಹೆಚ್ಚಾಗಿ ಕಾಣುವುದು ಇದರಿಂದಲೇ. ಕೆಳಗಿನ ಹಲ್ಲು ಮೇಲಿನ ಅಂಗುಳಿಗೆ ಚುಚ್ಚಿ ಗಾಯ ಮಾಡುತ್ತಿದ್ದರೆ ಅದೂ ಕಾಯುವ ವಿಷಯವಲ್ಲ. ಮೇಲಿನ ಹಲ್ಲು ಕೆಳಗಿನದರ ಒಳಗೆ ಕಚ್ಚುತ್ತಿದ್ದು, ಬಾಯಿ ಮುಚ್ಚುವಾಗ ದವಡೆ ಒಂದು ಕಡೆಗೆ ಸರಿಯುತ್ತಿದ್ದರೆ ಬೆಳೆಯುವ ವಯಸ್ಸಿನಲ್ಲೇ ತೋರಿಸಬೇಕು.

ಎಲ್ಲಕ್ಕಿಂತ ಮೋಸದ್ದು ಕಣ್ಣಿಗೆ ಕಾಣದ ಕೋರೆಹಲ್ಲು. ಮೇಲಿನ ಕೋರೆಹಲ್ಲು ಬಹಳ ಎತ್ತರದಿಂದ ಇಳಿದು ಬರಬೇಕು, ಕೆಲವರಲ್ಲಿ ದಾರಿತಪ್ಪಿ ಅಂಗುಳಿನ ಮೂಳೆಯಲ್ಲೇ ಅಡ್ಡ ಮಲಗಿ ಪಕ್ಕದ ಹಲ್ಲಿನ ಬೇರನ್ನು ಸವೆಸುತ್ತದೆ. 10-11ನೇ ವಯಸ್ಸಿಗೆ ತುಟಿಯ ಒಳಬದಿಯಲ್ಲಿ, ವಸಡಿನ ಮೇಲ್ಭಾಗದಲ್ಲಿ ಅದರ ಉಬ್ಬು ಬೆರಳಿಗೆ ಸಿಗಬೇಕು. ಸಿಗದಿದ್ದರೆ ಎಕ್ಸ್‌ರೇ ತೆಗೆಸಿ ನೋಡುವುದು ಒಳ್ಳೆಯದು. ಇಂಥ ಮಕ್ಕಳಲ್ಲಿ ಬರೀ ಹಾಲು ಕೋರೆಹಲ್ಲನ್ನು ಸಕಾಲದಲ್ಲಿ ಕಿತ್ತರೆ ಏನಾಗುತ್ತದೆಂದು ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ ಎಂಬ ದಂತತಜ್ಞರು ನೋಡಿದ್ದರು. ದಾರಿತಪ್ಪಿದ್ದ 46 ಕೋರೆಹಲ್ಲುಗಳಲ್ಲಿ 36 ತಾವಾಗಿಯೇ ಸರಿದಾರಿಗೆ ಬಂದವೆಂದು ಅವರು 1988ರಲ್ಲಿ ಪ್ರಕಟಿಸಿದರು. ತಂತಿಯೂ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ. ಆದರೆ ಆ ವಯಸ್ಸು ದಾಟಿದರೆ ಈ ಅನುಕೂಲ ಕೈತಪ್ಪುತ್ತದೆ.

ಇದಕ್ಕೆ ವಿರುದ್ಧವಾಗಿ, 8ರಿಂದ 11ನೇ ವಯಸ್ಸಿನ ನಡುವೆ ಮೇಲಿನ ಎರಡು ಮುಂಬಲ್ಲುಗಳ ಮಧ್ಯೆ ಸಂದು ಬಿಟ್ಟು, ಹಲ್ಲು ಬೀಸಣಿಗೆಯಂತೆ ಹರಡಿಕೊಂಡರೆ ಅನೇಕರು ಗಾಬರಿಯಿಂದ ಓಡಿಬರುತ್ತಾರೆ. ಮೇಲಿನಿಂದ ಇಳಿಯುತ್ತಿರುವ ಕೋರೆಹಲ್ಲುಗಳು ಪಕ್ಕದ ಹಲ್ಲಿನ ಬೇರನ್ನು ಒತ್ತುವುದರಿಂದ ಹೀಗಾಗುತ್ತದೆ. ಕೋರೆಹಲ್ಲು ಪೂರ್ತಿ ಇಳಿದ ಮೇಲೆ ಬಹುತೇಕ ಮಕ್ಕಳಲ್ಲಿ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಂಥ ಕಡೆ ಕಾಯುವುದೇ ಚಿಕಿತ್ಸೆ. ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು ಎಂದು ತಿಳಿಯಲು 7-8ನೇ ವಯಸ್ಸಿನಲ್ಲಿ ಒಮ್ಮೆ ದಂತವೈದ್ಯರಿಗೆ ತೋರಿಸಿದರೆ ಸಾಕು. ಆಗಲೇ ತಂತಿ ಹಾಕಿಸಬೇಕೆಂದಲ್ಲ. ಹೆಚ್ಚಿನವರಿಗೆ ಚಿಕಿತ್ಸೆ ಶುರುವಾಗುವುದು ಹಾಲುಹಲ್ಲೆಲ್ಲ ಬಿದ್ದ ಮೇಲೆ, 11ರಿಂದ 14ರ ಸುಮಾರಿಗೆ.

ಮೂಳೆಯೊಳಗೆ ಹಲ್ಲು ಸರಿಯುವ ಬಗೆ

ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ಬೇರಿಗೂ ದವಡೆಯ ಮೂಳೆಗೂ ನಡುವೆ ಸೂಕ್ಷ್ಮ ನಾರುಗಳ ತೆಳುವಾದ ಪದರವಿದೆ. ಹಲ್ಲನ್ನು ಒಂದು ಕಡೆಗೆ ಹಗುರವಾಗಿ, ಬಿಡದೆ ಒತ್ತಿದರೆ ಆ ಕಡೆಯ ಮೂಳೆಯನ್ನು ಕೆಲವು ಜೀವಕೋಶಗಳು ಕರಗಿಸುತ್ತವೆ. ಹಿಂದೆ ತೆರವಾದ ಕಡೆ ಬೇರೆ ಜೀವಕೋಶಗಳು ಹೊಸ ಮೂಳೆ ಕಟ್ಟುತ್ತವೆ. ಹೀಗೆ ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರಿನಂತೆ ಸರಿಯುತ್ತದೆ. ಇದಕ್ಕೆ ಬೇಕಾದ ಬಲ ತೀರ ಕಡಿಮೆ, ಹೆಚ್ಚೆಂದರೆ ಒಂದು ಹಲ್ಲಿಗೆ ನೂರು ಗ್ರಾಂ ಆಸುಪಾಸು. "ಸ್ವಲ್ಪ ಜೋರಾಗಿ ಬಿಗಿಯಿರಿ ಡಾಕ್ಟ್ರೇ, ಬೇಗ ಮುಗಿಯಲಿ" ಎಂದು ಕೇಳುವವರಿದ್ದಾರೆ. ಜೋರಾಗಿ ಒತ್ತಿದರೆ ಆ ನಾರಿನ ಪದರಕ್ಕೆ ರಕ್ತ ಹರಿಯುವುದೇ ನಿಂತು, ಹಲ್ಲು ಕೆಲವು ವಾರ ಅಲ್ಲೇ ನಿಲ್ಲುತ್ತದೆ. ನೋವೂ ಹೆಚ್ಚು. ಒಂದೂವರೆಯಿಂದ ಎರಡು ವರ್ಷ ಹಿಡಿಯುವ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸುತ್ತೇವೆ ಎನ್ನುವವರ ಬಳಿ ಹುಷಾರಾಗಿರಿ.

ಜಾಗ ತೀರ ಸಾಲದಿದ್ದಾಗ ಕೋರೆಹಲ್ಲಿನ ಹಿಂದಿನ ನಾಲ್ಕು ಚಿಕ್ಕ ದವಡೆಹಲ್ಲುಗಳನ್ನು ಕೀಳಬೇಕಾಗಬಹುದು. ಇಲ್ಲಿಗೆ ಬಂದಾಗ ಮನೆಯವರು ಹಿಂಜರಿಯುತ್ತಾರೆ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದಂತೆ. ಇದು ಶುದ್ಧ ಸುಳ್ಳು. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಕಿತ್ತ ಜಾಗವೂ ಖಾಲಿ ಉಳಿಯುವುದಿಲ್ಲ, ಮುಂದಿನ ಹಲ್ಲುಗಳನ್ನು ಹಿಂದಕ್ಕೆ ತಂದು ಮುಚ್ಚಲಾಗುತ್ತದೆ. ಹಾಗೆಂದು ಎಲ್ಲರಿಗೂ ಕೀಳಬೇಕೆಂದಲ್ಲ. ಈ ಜಗಳ ಹಳೆಯದು. ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ಅಮೆರಿಕದ ಎಡ್ವರ್ಡ್ ಆಂಗಲ್ (1855-1930) ಒಂದು ಹಲ್ಲನ್ನೂ ಕೀಳಕೂಡದು ಎನ್ನುತ್ತಿದ್ದ. ಅವನ ಶಿಷ್ಯ ಚಾರ್ಲ್ಸ್ ಟ್ವೀಡ್, ಗುರು ಹೇಳಿದಂತೆ ಮಾಡಿದ ಎಷ್ಟೋ ಹಲ್ಲುಗಳು ಮತ್ತೆ ಉಬ್ಬಿದ್ದನ್ನು ಕಂಡು, 1940ರ ಹೊತ್ತಿಗೆ ಅಂಥವರಿಗೆ ಹಲ್ಲು ಕಿತ್ತೇ ಪುನಃ ಚಿಕಿತ್ಸೆ ಮಾಡಿ ತೋರಿಸಿದ. ಎಕ್ಸ್‌ರೇ, ಹಲ್ಲಿನ ಅಚ್ಚು, ಮುಖದ ಅಳತೆ ಇಷ್ಟನ್ನೂ ನೋಡಿದ ಮೇಲೆ ಏಕೆ ಕೀಳಬೇಕೆಂದು ವೈದ್ಯರು ವಿವರಿಸಿದರೆ ಒಪ್ಪಬಹುದು.

ಬಿಳಿ ಚೌಕಟ್ಟು

ಈಗ ಮೂಲ ಪ್ರಶ್ನೆ: ಕ್ಲಿಪ್ಪಿನಿಂದ ಹಲ್ಲು ಹಾಳಾಗುತ್ತದೆಯೆ? ತಂತಿಯಿಂದಲ್ಲ, ತಂತಿಯ ಸುತ್ತ ಉಳಿದ ಅನ್ನದಿಂದ ಹಾಳಾಗುತ್ತದೆ.

ಪ್ರತಿ ಹಲ್ಲಿಗೂ ಅಂಟಿಸಿದ ಚಿಕ್ಕ ಲೋಹದ ಬಿಲ್ಲೆಯ ಸುತ್ತ, ತಂತಿಯ ಕೆಳಗೆ, ವಸಡಿನ ಅಂಚಿನಲ್ಲಿ ಪಾಚಿ ಸುಲಭವಾಗಿ ನಿಲ್ಲುತ್ತದೆ. ಅದರಲ್ಲಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸಿ ಎನಾಮಲ್‌ನಿಂದ ಸುಣ್ಣದ ಅಂಶವನ್ನು ಕರಗಿಸುತ್ತವೆ. ಸರಿಯಾಗಿ ಉಜ್ಜದ ಬಾಯಿಯಲ್ಲಿ ನಾಲ್ಕೇ ವಾರದಲ್ಲಿ ಸೀಮೆಸುಣ್ಣದಂಥ ಬಿಳಿ ಮಚ್ಚೆ ಕಾಣಿಸಬಹುದು. ಎರಡು ವರ್ಷದ ನಂತರ ತಂತಿ ಬಿಚ್ಚಿದಾಗ ಹಲ್ಲಿನ ಸಾಲು ಗೆರೆ ಎಳೆದಂತೆ ನೇರ, ಆದರೆ ಒಂದೊಂದು ಹಲ್ಲಿನ ಮೇಲೂ ಬಿಲ್ಲೆಯಿದ್ದ ಜಾಗದ ಸುತ್ತ ಬಿಳಿ ಚೌಕಟ್ಟು. ನನ್ನಲ್ಲಿಗೆ ಬರುವ ಒಬ್ಬ ಹೈಸ್ಕೂಲು ಹುಡುಗನಿಗೆ ಹೀಗೇ ಆಗಿತ್ತು. ಅವರಪ್ಪ ಹೇಳಿದ್ದು ಒಂದೇ ಮಾತು: "ದುಡ್ಡು ಕೊಟ್ಟು ಮಚ್ಚೆ ಹಾಕಿಸಿದ ಹಾಗಾಯ್ತು ಸಾರ್." ತೆಳು ಮಚ್ಚೆಗಳು ಜೊಲ್ಲಿನಿಂದ, ಫ್ಲೋರೈಡ್ ಪೇಸ್ಟಿನಿಂದ ತಿಂಗಳುಗಳಲ್ಲಿ ಮಾಸುತ್ತವೆ. ಆಳದವು ಉಳಿದುಬಿಡುತ್ತವೆ, ಕೆಲವು ಹುಳುಕಾಗುತ್ತವೆ.

ವಸಡು ಊದುವುದು, ರಕ್ತ ಬರುವುದು ಇನ್ನೊಂದು ತೊಂದರೆ. ಮಕ್ಕಳಲ್ಲಿ ಇದು ತಂತಿ ತೆಗೆದು ಶುಚಿ ಮಾಡಿದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಹಲ್ಲಿನ ಬೇರಿನ ತುದಿ ಸ್ವಲ್ಪ ಸವೆದು ಗಿಡ್ಡವಾಗುವುದು ಬಹುತೇಕ ಎಲ್ಲರಲ್ಲೂ ಇದ್ದು, ಅದರಿಂದ ಬಾಧಕವಿಲ್ಲ. ನೂರಕ್ಕೆ 1ರಿಂದ 5 ಜನರಲ್ಲಿ ಮಾತ್ರ ಹೆಚ್ಚು ಸವೆಯುತ್ತದೆ. ಅದನ್ನು ಕಂಡುಹಿಡಿಯಲು ವೈದ್ಯರು ನಡುವೆ ಎಕ್ಸ್‌ರೇ ಕೇಳಿದರೆ "ಮತ್ತೆ ಯಾಕೆ?" ಎಂದು ಗೊಣಗಬೇಡಿ.

ಆದ್ದರಿಂದ ನನ್ನ ಸಲಹೆ ಸ್ವಲ್ಪ ಕಠಿಣ. ಮಗುವಿನ ವಸಡಿನಲ್ಲಿ ಈಗಲೇ ರಕ್ತ ಬರುತ್ತಿದ್ದರೆ ತಂತಿ ಹಾಕಿಸಲು ಅವಸರ ಬೇಡ. ಹುಳುಕು ತುಂಬಿಸಿ, ಹಲ್ಲು ಕ್ಲೀನ್ ಮಾಡಿಸಿ, ಎರಡು ಮೂರು ತಿಂಗಳು ದಿನಕ್ಕೆ ಎರಡು ಸಲ ಉಜ್ಜುವುದನ್ನು ರೂಢಿ ಮಾಡಿಸಿ. ಹೇಳಿಸಿಕೊಳ್ಳದೆ ಉಜ್ಜುವ ಮಗು ತಂತಿಗೆ ಸಿದ್ಧ. ಉಜ್ಜದ ಮಗುವಿಗೆ ಒಂದು ವರ್ಷ ತಡವಾದರೂ ನಷ್ಟವಿಲ್ಲ. ನಾನು ಮೇಲೆ ಹೇಳಿದ ಅವಸರದ ಸಂದರ್ಭಗಳು ಮಾತ್ರ ಇದಕ್ಕೆ ಹೊರತು.

ತಂತಿ ಇದ್ದಾಗ ರಾತ್ರಿ ಊಟದ ನಂತರದ ಉಜ್ಜುವಿಕೆ ಬೆಳಗಿನದಕ್ಕಿಂತ ಮುಖ್ಯ. ಮೃದುವಾದ ಬ್ರಷ್ಷನ್ನು ಮೊದಲು ವಸಡು ಮತ್ತು ಬಿಲ್ಲೆಯ ನಡುವೆ ಓರೆಯಾಗಿ ಹಿಡಿದು, ಆಮೇಲೆ ಬಿಲ್ಲೆಯ ಕೆಳಬದಿಯಲ್ಲಿ, ಹೀಗೆ ಎರಡು ಸಾಲಾಗಿ ಉಜ್ಜಬೇಕು. ತಂತಿಯ ಅಡಿಗೆ ತೂರುವ, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥ ಸಣ್ಣ ಬ್ರಷ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಪೇಸ್ಟು ಫ್ಲೋರೈಡ್ ಇರುವಂಥದ್ದೇ ಆಗಬೇಕು, 1000 ಪಿಪಿಎಂ ಆಸುಪಾಸು. ಇದ್ದಿಲು, ಬೂದಿ, ಉಪ್ಪು ಈ ಎರಡು ವರ್ಷ ದೂರವಿರಲಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಹಲ್ಲು ಕಂದುಗಟ್ಟಿದ ಮಕ್ಕಳಿದ್ದಾರೆ. ಅಂಥ ಹಲ್ಲಿಗೆ ಬಿಲ್ಲೆ ಸರಿಯಾಗಿ ಅಂಟದೆ ಮತ್ತೆ ಮತ್ತೆ ಕಳಚುವುದುಂಟು. ವೈದ್ಯರಿಗೆ ಮೊದಲೇ ಹೇಳಿದರೆ ಅವರು ಅಂಟಿಸುವ ಕ್ರಮ ಬದಲಿಸುತ್ತಾರೆ.

ತಿನ್ನುವುದರಲ್ಲಿ ಕೋಡುಬಳೆ, ನಿಪ್ಪಟ್ಟು, ಕಡಲೆ ಮಿಠಾಯಿ, ಕಬ್ಬಿನ ಜಲ್ಲೆ, ಸಂಕ್ರಾಂತಿಯ ಸಕ್ಕರೆ ಅಚ್ಚು ಇವು ಬಿಲ್ಲೆಯ ವೈರಿಗಳು. ಸೀಬೆಕಾಯಿಯನ್ನು ಕಚ್ಚದೆ ಹೆಚ್ಚಿಕೊಂಡು ತಿನ್ನಲಿ. ಮುದ್ದೆ, ಇಡ್ಲಿ, ಅನ್ನ-ಸಾರಿಗೆ ಯಾವ ಅಡ್ಡಿಯೂ ಇಲ್ಲ. ಬಣ್ಣವಿಲ್ಲದ ರಬ್ಬರು ಹಾಕಿಸಿದ್ದರೆ ಸಾರಿನ ಅರಿಶಿನಕ್ಕೆ ಎರಡೇ ದಿನದಲ್ಲಿ ಹಳದಿಯಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಬಿಗಿ ಮಾಡಿದ ಮೊದಲ ಎರಡು ಮೂರು ದಿನ ನೋವಿದ್ದರೆ ವಯಸ್ಸಿಗೆ ತಕ್ಕ ಪ್ಯಾರಾಸಿಟಮಾಲ್ ಸಾಕು.

ಮದುವೆಯ ಅವಸರ

ನಿಶ್ಚಿತಾರ್ಥಕ್ಕೆ ಮೂರು ತಿಂಗಳಿದೆ ಎನ್ನುವಾಗ ಹಲ್ಲಿನ ನೆನಪಾಗುವ ಮನೆಗಳಿವೆ. ಎರಡು ವರ್ಷ ಕಾಯಲು ಪುರುಸೊತ್ತಿಲ್ಲ. ಆಗ ಸಿಗುವ ಅಡ್ಡದಾರಿಯೆಂದರೆ ಉಬ್ಬಿದ ನಾಲ್ಕು ಮುಂಬಲ್ಲುಗಳನ್ನು ಕಿತ್ತು ಅಥವಾ ಅರೆದು, ಕೃತಕ ಹಲ್ಲು ಕೂರಿಸುವುದು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ 22ರ ಹುಡುಗಿಯ ಗಟ್ಟಿಮುಟ್ಟಾದ ಹಲ್ಲಿಗೆ ಮಾಡಿದ ಈ ಕೆಲಸವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅರೆದ ಹಲ್ಲಿನ ಒಳಗಿನ ನರ ಸಾಯಬಹುದು, ಹಲ್ಲು ಕಿತ್ತ ಕಡೆ ಮೂಳೆ ಕರಗುತ್ತದೆ, ಕೃತಕ ಹಲ್ಲನ್ನು ಆಯುಷ್ಯದಲ್ಲಿ ಹಲವು ಬಾರಿ ಬದಲಿಸಬೇಕಾಗುತ್ತದೆ. ಹುಡುಗಿಯ ಕಡೆಯವರು ಕೇಳಿದರೆ ನಾನು ಹೇಳುವುದು: ತಂತಿ ಹಾಕಿಕೊಂಡೇ ಮದುವೆಯಾಗಲಿ. ಹಲ್ಲಿನ ಬಣ್ಣದ ಬಿಲ್ಲೆಗಳೂ ಇವೆ, ಹಾಕಿ ತೆಗೆಯುವ ಪಾರದರ್ಶಕ ಅಲೈನರುಗಳೂ ಇವೆ. ಅಲೈನರನ್ನು ದಿನಕ್ಕೆ 20ರಿಂದ 22 ಗಂಟೆ ತೊಟ್ಟಿರಬೇಕು, ತೊಟ್ಟುಕೊಂಡು ಕಾಫಿ-ಟೀ ಕುಡಿಯಬಾರದು, ಮತ್ತು ಎಲ್ಲ ಬಗೆಯ ಸೊಟ್ಟಕ್ಕೂ ಅದು ಆಗುವುದಿಲ್ಲ. ಎಕ್ಸ್‌ರೇ ಇಲ್ಲದೆ, ವಸಡು ನೋಡದೆ, ಅಂಚೆಯಲ್ಲಿ ಅಚ್ಚು ತರಿಸಿ ಕಳಿಸುವ ವ್ಯಾಪಾರಕ್ಕೆ ಮರುಳಾಗಬೇಡಿ. ಅಮೆರಿಕದಲ್ಲಿ ಇಂಥದ್ದೇ ಒಂದು ದೊಡ್ಡ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ಗ್ರಾಹಕರು ಚಿಕಿತ್ಸೆಯ ನಡುವೆಯೇ ದಿಕ್ಕುಗಾಣದಾದರು.

ಖರ್ಚಿನ ಮಾತಿಗೆ ಬಂದರೆ, ದಂತ ವೈದ್ಯಕೀಯ ಕಾಲೇಜುಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ಕಾಲೇಜಿನಲ್ಲಿ, ಮಣಿಪಾಲ, ದಾವಣಗೆರೆ, ಧಾರವಾಡದ ಕಾಲೇಜುಗಳಲ್ಲಿ ವಿಚಾರಿಸಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಸರದಿ ಕಾಯಬೇಕು ಅಷ್ಟೆ.

ದೊಡ್ಡವರಿಗೆ

ನಲವತ್ತರಲ್ಲೂ ಹಲ್ಲು ಸರಿಪಡಿಸಬಹುದು, ವಯಸ್ಸು ಅಡ್ಡಿಯಲ್ಲ, ವಸಡಿನ ರೋಗ ಅಡ್ಡಿ. ಊದಿದ, ಕೀವು ತುಂಬಿದ ವಸಡಿನಲ್ಲಿರುವ ಹಲ್ಲನ್ನು ಎಳೆದರೆ ಉಳಿದಿರುವ ಮೂಳೆಯೂ ಕರಗುತ್ತದೆ. ಸಕ್ಕರೆ ಕಾಯಿಲೆಯವರು ಮೊದಲು ಸಕ್ಕರೆಯನ್ನು ಹತೋಟಿಗೆ ತರಬೇಕು. ಮೂರ್ಛೆರೋಗಕ್ಕೆ ಫೆನಿಟಾಯಿನ್, ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ತೆಗೆದುಕೊಳ್ಳುವವರಲ್ಲಿ ವಸಡು ದಪ್ಪಗೆ ಬೆಳೆಯಬಹುದು. ಗುಳಿಗೆಯನ್ನು ತಾವೇ ನಿಲ್ಲಿಸದೆ ಕೊಟ್ಟ ವೈದ್ಯರನ್ನು ಕೇಳಲಿ. ಮೂಳೆ ಸವೆತಕ್ಕೆ ಬಿಸ್‌ಫಾಸ್ಫೊನೇಟ್ ಔಷಧ ಪಡೆಯುತ್ತಿರುವವರು, ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ಅದನ್ನು ದಂತವೈದ್ಯರಿಗೆ ಮೊದಲ ದಿನವೇ ತಿಳಿಸಬೇಕು. ಅಗ್ಗದ ಓಲೆ ಹಾಕಿದರೆ ಕಿವಿ ಕೆರೆದು ನೀರು ಸೋರುವವರೂ ಹೇಳಲಿ, ತಂತಿಯಲ್ಲಿ ನಿಕ್ಕಲ್ ಇರುತ್ತದೆ.

ತಂತಿ ಬಿಚ್ಚಿದ ಮೇಲೆ

ತಂತಿ ಬಿಚ್ಚಿದ ದಿನ ಮನೆಯಲ್ಲಿ ಸಿಹಿ ಮಾಡುತ್ತಾರೆ, ಮರುದಿನದಿಂದ ಎಲ್ಲ ಮರೆಯುತ್ತಾರೆ. ಆದರೆ ಹೊಸ ಜಾಗದಲ್ಲಿ ನಾರು, ಮೂಳೆ ಗಟ್ಟಿಯಾಗುವವರೆಗೆ ಹಲ್ಲಿಗೆ ಹಳೆಯ ಮನೆಯ ಸೆಳೆತ ಹೋಗಿರುವುದಿಲ್ಲ. ವಯಸ್ಸಾದಂತೆ ಕೆಳಗಿನ ಮುಂಬಲ್ಲುಗಳು ಒತ್ತೊತ್ತಾಗುವುದು ತಂತಿ ಹಾಕಿಸದವರಲ್ಲೂ ಇದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು, ಹಲ್ಲು ಕಿತ್ತು ಚಿಕಿತ್ಸೆ ಪಡೆದವರನ್ನು ರಿಟೇನರ್ ಬಿಟ್ಟು ಹತ್ತು ವರ್ಷವಾದ ಮೇಲೆ ಪರೀಕ್ಷಿಸಿ 1981ರಲ್ಲಿ ವರದಿ ಮಾಡಿದರು. ಮೂರರಲ್ಲಿ ಎರಡು ಪಾಲು ಜನರಲ್ಲಿ ಕೆಳಗಿನ ಸಾಲು ತೃಪ್ತಿಕರವಾಗಿ ಉಳಿದಿರಲಿಲ್ಲ.

ಅದಕ್ಕೇ ರಿಟೇನರ್, ಅಂದರೆ ಹಲ್ಲನ್ನು ಹಿಡಿದಿಡುವ ಕ್ಲಿಪ್ಪು. ಕೆಲವರಿಗೆ ಹಲ್ಲಿನ ಒಳಬದಿಗೆ ಸಣ್ಣ ತಂತಿ ಅಂಟಿಸುತ್ತಾರೆ, ಕೆಲವರಿಗೆ ತೆಗೆದು ಹಾಕುವಂಥದ್ದನ್ನು ಕೊಡುತ್ತಾರೆ. ಮೊದಲ ತಿಂಗಳುಗಳಲ್ಲಿ ವೈದ್ಯರು ಹೇಳಿದಷ್ಟು ಹೊತ್ತು, ಆಮೇಲೆ ವರ್ಷಗಟ್ಟಲೆ ರಾತ್ರಿ ಹೊತ್ತು. ಅಂಟಿಸಿದ ತಂತಿಯ ಹಿಂದೆ ಗಾರೆ ಕಟ್ಟುತ್ತದೆ, ಆರು ತಿಂಗಳಿಗೊಮ್ಮೆ ತೆಗೆಸಿ. ತೆಗೆದು ಹಾಕುವ ಕ್ಲಿಪ್ಪನ್ನು ಬಿಸಿನೀರಿಗೆ ಹಾಕಬೇಡಿ, ಆಕಾರ ಕೆಡುತ್ತದೆ, ತಣ್ಣೀರಿನಲ್ಲಿ ಬ್ರಷ್ಷಿನಿಂದ ತೊಳೆದರೆ ಸಾಕು. ಊಟಕ್ಕೆ ಕೂರುವಾಗ ತೆಗೆದದ್ದನ್ನು ಡಬ್ಬಿಯಲ್ಲೇ ಇಡಿ. ಕಾಗದದಲ್ಲಿ ಸುತ್ತಿ ತಟ್ಟೆಯ ಪಕ್ಕ ಇಟ್ಟದ್ದು ಎಂಜಲೆಲೆಯ ಜೊತೆ ಕಸದ ಬುಟ್ಟಿ ಸೇರುತ್ತದೆ. ಕಳೆದುಹೋದರೆ ಮುಂದಿನ ರಜೆಯವರೆಗೆ ಕಾಯದೆ ಅದೇ ವಾರ ಹೊಸದನ್ನು ಮಾಡಿಸಿ.